ಬೇಸಿಗೆಯ ನಕಲು

ನಾನು ಒಂದು ನಕಲು. ಹಾಗೆಂದ ಕೂಡಲೇ ಮೂಗು ಮುರಿಯಬೇಡಿ. ಪರೀಕ್ಷೆಯಲ್ಲಿ ಹೊಡೆಯುವ ನಕಲಿನ ಜಾತಿಯಲ್ಲ ನಾನು. ಆಣೆಕಟ್ಟಿನ ಕಚೇರಿಗೆ ಒಂದು ವೆಬ್‌ಸೈಟ್ ಇತ್ತು, ಅದನ್ನು ನಡೆಸಲು ಒಂದು ಸರ್ವರ್ ಇತ್ತು. ಜನ ಬಂದು ಕೇಳಿದರೆ ಯಾವ ಪುಟ ತೋರಿಸಬೇಕು ಎಂದು ಆ ಸರ್ವರ್‌ಗೆ ಹೇಳಿಕೊಟ್ಟ ಕಟ್ಟಳೆಗಳೆಲ್ಲ ಒಂದು ದಿನ ಹೇಗಿದ್ದವೋ ಹಾಗೇ ಹಿಡಿದಿಟ್ಟ ಪ್ರತಿ ನಾನು. ಮುಂದೆ ಯಾರಾದರೂ ಏನನ್ನಾದರೂ ಕೆಡಿಸಿಕೊಂಡರೆ ನನ್ನನ್ನು ತಂದು ಕೂರಿಸುತ್ತಾರೆ. ಸರ್ವರ್ ನನ್ನ ದಿನಕ್ಕೆ ಮರಳುತ್ತದೆ.

ನನ್ನ ದಿನ ಏಪ್ರಿಲ್ ತಿಂಗಳದ್ದು. ನನ್ನನ್ನು ಹುಟ್ಟಿಸಿದವರು ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದ ಫರ್ಹಾನಾ ಮೇಡಂ. ಆಗ ಜಲಾಶಯದಲ್ಲಿ ಕೆಸರು ಬಿಟ್ಟರೆ ಇನ್ನೇನಿಲ್ಲ, ಗೇಟುಗಳ ಅಳತೆಯ ಯಂತ್ರಗಳು ರಿಪೇರಿಗೆ ಹೋಗಿದ್ದವು. ಹಾಗಾಗಿ ಮೇಡಂ ಒಂದೇ ಕಟ್ಟಳೆ ಬರೆದರು: ಯಾರು ಕೇಳಿದರೂ ಒಂದೇ ಪುಟ ತೋರಿಸು. ಪುಟದ ಮೇಲೆ ಅಂದಂದಿನ ತಾರೀಖು ತಾನಾಗಿಯೇ ಬರುತ್ತಿತ್ತು. ಕೆಳಗೆ ದಪ್ಪ ಅಕ್ಷರದಲ್ಲಿ, ಇಂದು ನದಿಗೆ ನೀರು ಬಿಡುವುದಿಲ್ಲ. ಎಲ್ಲ ಸರಿಯಾಗಿದೆ ಎಂದು ನೋಡಿ ನನ್ನನ್ನು ತೆಗೆದಿಟ್ಟರು, 'ಫೈನಲ್ ಓಕೆ' ಎಂದು ಹೆಸರಿಟ್ಟರು. ಹೆಸರು ಕೇಳಿ ನಾನೂ ಸ್ವಲ್ಪ ಉಬ್ಬಿದ್ದು ನಿಜ.

ಮುಂಗಾರಿಗೆ ಯಂತ್ರಗಳು ಬಂದವು. ಮೇಡಂ ಹೊಸ ಕಟ್ಟಳೆ ಬರೆದು, ಗೇಟು ತೆರೆದ ಕ್ಷಣವೇ ಪುಟದಲ್ಲಿ ಕೆಂಪು ಅಕ್ಷರ ಕಾಣುವಂತೆ ಮಾಡಿದರು. ಅದಕ್ಕೂ ಒಂದು ನಕಲು ತೆಗೆದರು. ಆ ನಕಲಿಗೆ ಬರೀ ತಾರೀಖು, ನನ್ನಂಥ ಜಂಬದ ಹೆಸರಿಲ್ಲ. ಅಷ್ಟರಲ್ಲಿ ಅವರಿಗೆ ವರ್ಗವಾಯಿತು. ಹೋಗುವಾಗ ಹೊಸದಾಗಿ ಬಂದ ತಿಪ್ಪೇಶನಿಗೆ ಅವರು ಹೇಳಿದ್ದು ಒಂದೇ ಮಾತು: "ಕೈ ಹಚ್ಚೋಕಿಂತ ಮೊದಲು ನಕಲು ತಗೀರಿ. ನದಿಯೊಳಗಿನ ಗಡ್ಡಿ ಜನ ಇದನ್ನ ನೋಡೇ ತೆಪ್ಪ ಬಿಡ್ತಾರ."

ತಿಪ್ಪೇಶ ಕೆಟ್ಟವನಲ್ಲ, ಗಡಿಬಿಡಿಯವನು. ಆಗಸ್ಟಿನಲ್ಲಿ ಜಲಾಶಯ ತುಂಬಿತು. ತುಂಬಿದ ಮೇಲೆ ಬಾಗಿನ ಬಿಡಲೇಬೇಕಲ್ಲ! ಮೊರ, ಸೀರೆ, ಕುಪ್ಪಸ, ಬಳೆ ಎಲ್ಲ ಸಿದ್ಧ, ಮಂತ್ರಿಗಳು ಹೊರಟಾಯಿತು. ಕಚೇರಿಯ ದೊಡ್ಡ ಸಾಹೇಬರಿಗೆ ಬಾಗಿನದ ಫೋಟೋಗಳು ವೆಬ್‌ಸೈಟಿನಲ್ಲಿ ಎಲ್ಲಕ್ಕಿಂತ ಮೇಲೆ ಇರಬೇಕೆಂಬ ಆಸೆ. ಹಿಂದಿನ ವರ್ಷಗಳವನ್ನೂ ಹಾಕು ಎಂದರು. ಫೋಟೋಗಳಿಗೆ ಜಾಗ ಸಾಲಲಿಲ್ಲ. ತಿಪ್ಪೇಶ ಹಳೆಯ ನಕಲುಗಳನ್ನೆಲ್ಲ ಕಸದಂತೆ ಗುಡಿಸಿ ಹಾಕಿದ. ಮುಂಗಾರಿನ ನಕಲೂ ಅದರಲ್ಲೇ ಹೋಯಿತು. 'ಫೈನಲ್ ಓಕೆ' ಎಂಬ ಹೆಸರು ನೋಡಿ ನನ್ನೊಬ್ಬನನ್ನು ಉಳಿಸಿದ.

ಬಾಗಿನದ ದಿನ ಬೆಳಿಗ್ಗೆ ಅವನು ನಕಲು ತೆಗೆಯದೆ ಕಟ್ಟಳೆಗಳಿಗೆ ಕೈ ಹಚ್ಚಿದ. ವೆಬ್‌ಸೈಟ್ ಬಿದ್ದುಹೋಯಿತು. ಮಂತ್ರಿಗಳ ಕಾರು ಊರು ಮುಟ್ಟಿದೆ, ಸಾಹೇಬರು ಬೆನ್ನ ಹಿಂದೆ ನಿಂತು ಬೈಯುತ್ತಿದ್ದಾರೆ. ಬೆವರು ಒರೆಸಿಕೊಳ್ಳುತ್ತ ಅವನು ನನ್ನನ್ನು ಎಬ್ಬಿಸಿ ಕೂರಿಸಿದ. ಅಯ್ಯೋ ಮಾರಾಯ, ನಾನು ಬೇಸಿಗೆಯದಪ್ಪ ಎಂದು ಕೂಗಿಕೊಳ್ಳಬೇಕೆನಿಸಿತು. ನನಗೆ ಬಾಯಿ ಎಲ್ಲಿದೆ? ಪುಟ ಚಕ್ಕನೆ ಬಂತು. ಮೇಲೆ ಆ ದಿನದ ತಾರೀಖು, ಕೆಳಗೆ ನನ್ನ ದಪ್ಪ ಅಕ್ಷರ. ವೆಬ್‌ಸೈಟ್ ಎದ್ದಿತಲ್ಲ ಎಂದು ಸಾಹೇಬರು ಸಮಾಧಾನದಿಂದ ಹೊರಗೆ ಹೋದರು. ಪುಟದಲ್ಲಿ ಏನು ಬರೆದಿದೆ ಎಂದು ಇಬ್ಬರಲ್ಲಿ ಒಬ್ಬರೂ ಓದಲಿಲ್ಲ. ತಿಪ್ಪೇಶನೂ ಪೂಜೆಗೆ ಓಡಿದ.

ಹೊರಗೆ ಬ್ಯಾಂಡು ಮೊಳಗಿತು. ಸೈರನ್ ಕೂಗಿತು. ಗೇಟುಗಳು ತೆರೆದವು. ಕೋಣೆಯ ನೆಲ ಸಣ್ಣಗೆ ನಡುಗುವುದು ಗೊತ್ತಾಗುತ್ತಿತ್ತು. ಅದೇ ಹೊತ್ತಿಗೆ ನದಿಯ ಕಡೆಯ ಫೋನುಗಳಿಂದ ಒಂದೊಂದಾಗಿ ಪ್ರಶ್ನೆಗಳು ಬರತೊಡಗಿದವು. ಕೇಳಿದವರಿಗೆಲ್ಲ ನಾನು ಅದೇ ಪುಟ ಕೊಟ್ಟೆ, ಸರ್ವರ್‌ನಲ್ಲಿ ಕೂತವರಿಗೆ ಬೇರೆ ದಾರಿಯಿಲ್ಲ. ಒಂದು ಫೋನು ಬೆನ್ನುಬೆನ್ನಿಗೆ ಎರಡು ಸಲ ಕೇಳಿತು. ಎರಡನೆಯ ಸಲವೂ ಅದನ್ನೇ ಕೊಟ್ಟೆ. ಆಮೇಲೆ ಅದು ಕೇಳಲಿಲ್ಲ.

ಆ ಫೋನು ನಡುಗಡ್ಡೆಯ ಅಂಬಿಗ ಯಂಕೋಬನದು. ನನಗೆ ತಿಳಿದದ್ದು ವಿಚಾರಣೆಯಲ್ಲಿ, ಅವನ ಹೆಂಡತಿ ದುರುಗಮ್ಮ ಬಂದು ಹೇಳಿದಾಗ. ನಾಟಿಗೆ ಹೋದ ಹೆಂಗಸರು ಆಚೆ ದಡದಲ್ಲಿ ಕಾಯುತ್ತಿದ್ದರಂತೆ. ಸೈರನ್ ಕೇಳಿ ಇವಳು ಗಂಡನ ಕೈ ಹಿಡಿದು ತಡೆದಳಂತೆ. ಅವನು ಫೋನು ತೆಗೆದು ನೋಡಿ, ಬಾಗಿನಕ್ಕೆ ಕೂಗಿಸುತ್ತಿದ್ದಾರೆ, ಹೆದರಬೇಡ ಅಂದನಂತೆ. ಇನ್ನೊಮ್ಮೆ ನೋಡು ಅಂದಳು. ಇನ್ನೊಮ್ಮೆ ನೋಡಿ ಅವಳಿಗೂ ತೋರಿಸಿದ. "ಇವತ್ತಿನ ತಾರೀಖೇ ಇತ್ರೀ," ಅಂದಳು ದುರುಗಮ್ಮ. "ಅದನ್ನ ನೋಡಿ ನಾನೇ ಕೈ ಬಿಟ್ಟೆ." ತೆಪ್ಪ ನಡುಹೊಳೆ ಮುಟ್ಟಿದಾಗ ನೀರು ಬಂದಿತ್ತು.

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಈಗ ಎಲ್ಲರೂ ನನ್ನನ್ನು ಪರದೆಯ ಮೇಲೆ ತೆರೆದು ಅಕ್ಷರ ಅಕ್ಷರವಾಗಿ ಓದಿದರು. ತಿಪ್ಪೇಶ ತಲೆ ಎತ್ತಲಿಲ್ಲ. ಸಾಹೇಬರು ಮಾತ್ರ ವಿಚಾರಣೆಯ ಅಧಿಕಾರಿಗೆ ಬಹಳ ಚೆನ್ನಾಗಿ ವಿವರಿಸಿದರು: ಏನೇ ಕೆಟ್ಟರೂ ಚಿಂತೆಯಿಲ್ಲ, ಹಿಂದಿನ ದಿನ ಹೇಗಿತ್ತೋ ಹಾಗೆ ಮರಳಿ ತರುವ ವ್ಯವಸ್ಥೆ ನಮ್ಮಲ್ಲಿದೆ.

ದುರುಗಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಎಲ್ಲ ಕೇಳಿದಳು. ಆಮೇಲೆ ಎದ್ದು ನಿಂತಳು.

"ಹಂಗಾದ್ರ ನನಗೂ ಒಂದು ಹಿಂದಿನ ದಿನ ಕೊಡ್ರಿ, ಸಾಹೇಬ್ರ. ದಿನ ಪೂರಾ ಬ್ಯಾಡ. ಅವನ ಕೈ ಹಿಡಕೊಂಡಿದ್ನಲ್ಲ, ಅಷ್ಟು ಹೊತ್ತು ಸಾಕು."

ಅಧಿಕಾರಿ ಅವಳ ಮುಖ ನೋಡಲಾರದೆ ನನ್ನನ್ನು ಮುಚ್ಚಿದರು. ಆಮೇಲೆ ನನ್ನನ್ನೊಂದು ಡಿಸ್ಕಿಗೆ ಇಳಿಸಿ, ಬಟ್ಟೆ ಸುತ್ತಿ, ಅರಗು ಒತ್ತಿ, ಸಾಕ್ಷಿಯೆಂದು ಕಬ್ಬಿಣದ ಬೀರುವಿನೊಳಗಿಟ್ಟಿದ್ದಾರೆ. ಇಲ್ಲಿ ಕತ್ತಲೆ, ನನಗೀಗ ಕೆಲಸವಿಲ್ಲ. ಅವಳು ಕೇಳಿದ್ದನ್ನೇ ಯೋಚಿಸುತ್ತಿರುತ್ತೇನೆ. ನನ್ನಲ್ಲಿ ಏಪ್ರಿಲ್ ಒಂದೇ ಇದೆ. ಅವಳು ಕೇಳಿದ ಹೊತ್ತಿನ ನಕಲನ್ನು ಯಾರೂ ತೆಗೆದಿರಲಿಲ್ಲ.