ತೂಕ ಸೊನ್ನೆ

ಗಂಡ ಜವರಯ್ಯನ ಮೈಮೇಲೆ ಹೊದಿಸಿದ್ದ ಬಿಳಿ ಪಂಚೆಯ ಕೆಳಗೆ ಯಶೋದಮ್ಮ ಅವನ ಅಳತೆಯ ದಪ್ಪ ಪುಸ್ತಕವನ್ನು ತುರುಕುತ್ತಿದ್ದಳು. ಅಂಗಳದಲ್ಲಿ ಚಟ್ಟ ಕಟ್ಟಿಸುತ್ತಿದ್ದ ಭಾವ ಕೆಂಪಸಿದ್ದಯ್ಯನ ಕಣ್ಣಿಗೆ ಅದು ಬಿದ್ದೇಬಿಟ್ಟಿತು.

"ಅದ್ಯಾಕವ್ವ ಅಲ್ಲಿಗಾಕ್ತಿದ್ದೀಯೆ?"

"ಅವ್ರದ್ದು. ಅವ್ರ ಜೊತೇಲೇ ಮಣ್ಣಾಗ್ಲಿ ಬುಡಿ, ಭಾವ."

"ಎಲೆಅಡ್ಕೆ ಆಕುದ್ರೆ ಒಂದು ನ್ಯಾಯ. ಪುಸ್ತ್ಕಾನ ಯಾರ್ ಊಳ್ತಾರೆ? ಮಂಡ್ಯದ ಮೇಷ್ಟ್ರು ಅದುನ್ನೇ ಕೇಳ್ಕಂಡು ಬತ್ತಾವ್ರೆ."

ಜವರಯ್ಯ ಮಳವಳ್ಳಿ ಕಡೆಯ ನಾಲೆಯಲ್ಲಿ ಮೂವತ್ತನಾಲ್ಕು ವರ್ಷ ದಿನಕ್ಕೆರಡು ಸಲ ನೀರಿನ ಮಟ್ಟ ಓದಿ ಬರೆದವನು. ಪಿಂಚಣಿ ಬಂದ ಮೇಲೂ ಆ ಚಾಳಿ ಬಿಡಲಿಲ್ಲ. ಒಂದು ದುರ್ಬೀನು ತಂದು ತಾರಸಿಯ ಮೇಲೆ ನಿಲ್ಲಿಸಿ ಒಂದನ್ನೊಂದು ಸುತ್ತುವ ಜೋಡಿ ನಕ್ಷತ್ರಗಳನ್ನು ಅಳೆಯತೊಡಗಿದ. ನೀರು ಅಳೆದು ಸಾಲದೆ ಜವರ ಆಕಾಶಕ್ಕೇ ಕೋಲು ಹಾಕಿದ ಎಂದು ಊರು ನಕ್ಕಿತ್ತು. ಮಂಡ್ಯದ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಅಶೋಕ್ ಮಾತ್ರ ನಗಲಿಲ್ಲ. ಆ ಅಳತೆಗಳನ್ನು ಬೇರೆ ದೇಶಗಳವರ ಅಳತೆಗಳ ಜೊತೆ ಸೇರಿಸಲು ಕಳಿಸುತ್ತೇನೆಂದು ಮಾತು ಕೊಟ್ಟಿದ್ದ.

ಆತ ಬಂದ, ಹಾರ ಹಾಕಿದ, ಯಶೋದಮ್ಮನ ಪಕ್ಕ ನೆಲದ ಮೇಲೆ ಕೂತ.

"ಇದನ್ನ ಊಳಬೇಡಿ, ಅಮ್ಮ. ಇದರಲ್ಲಿರೋ ಒಂದು ಜೋಡಿ ಒಂದು ಸುತ್ತು ಬರೋಕೆ ಐನೂರು ವರ್ಷದ ಮೇಲೆ ಬೇಕು. ಅದನ್ನ ಪೂರ್ತಿ ನೋಡೋ ಮನುಷ್ಯ ಇಲ್ಲ. ನೀವಿಬ್ಬರೂ ಅಳೆದ ಹದಿನೆಂಟು ವರ್ಷ ಹಿಡ್ಕೊಂಡು, ಇನ್ನೂ ಹುಟ್ಟದೇ ಇರೋರು ಮುಂದಕ್ಕೆ ಅಳೀತಾರೆ."

ಯಶೋದಮ್ಮ ಪುಸ್ತಕದ ಮೇಲಿಂದ ಕೈ ತೆಗೆದಳು. ಹಾಗಾದರೆ ತಾನು ಸುಳ್ಳು ಹೇಳಿದ್ದು ಗಂಡನೊಬ್ಬನಿಗಲ್ಲ.

*

ಜವರಯ್ಯನ ಕಟ್ಟಳೆ ಬಲು ಬಿಗಿ. ಸಂಜೆ ಕತ್ತಲಾಗುತ್ತಲೇ ಇಬ್ಬರೂ ತಾರಸಿ ಹತ್ತಬೇಕು. ಒಂದು ಚುಕ್ಕಿಯಿಂದ ಇನ್ನೊಂದು ಯಾವ ಓರೆಯಲ್ಲಿದೆ ಎಂದು ಮೊದಲು ಅವನು ಅಳೆದು, ಚೀಟಿಯಲ್ಲಿ ಬರೆದು ತನ್ನ ಡಬ್ಬಿಗೆ ಹಾಕುವನು. ಆಮೇಲೆ ಅವಳು ಅಳೆದು ತನ್ನ ಡಬ್ಬಿಗೆ. ಒಬ್ಬರದನ್ನು ಒಬ್ಬರು ಕೇಳುವಂತಿಲ್ಲ. ತಿಂಗಳ ಕೊನೆಗೆ ಅವನೇ ಎಲ್ಲ ಬಿಚ್ಚಿ ಸರಾಸರಿ ತೆಗೆದು ಪುಸ್ತಕಕ್ಕೆ ಏರಿಸುವನು. ಅವಳು ಆ ಪುಸ್ತಕ ಮುಟ್ಟುವಂತಿಲ್ಲ.

"ಒಂದೇ ಕಣ್ಣ ನಂಬಂಗಿಲ್ಲ ಕಣಮ್ಮಿ," ಅನ್ನುತ್ತಿದ್ದ. "ನಂದು ಒಸಿ ಎಚ್ಗೆ ಓದ್ತದೆ, ನಿಂದು ಒಸಿ ಕಮ್ಮಿ. ದಿಟ ಎಲ್ಲೋ ಎಲ್ಡರ ನಡುವೆ ಇರ್ತದೆ."

ಆರು ವರ್ಷದ ಹಿಂದೆ ಅವಳಿಗೆ ಎರಡು ಚುಕ್ಕಿ ಸೇರಿ ಒಂದು ಮಂಜಿನ ಮುದ್ದೆಯಾಯಿತು. ಅವಳು ಬಾಯಿ ಬಿಡಲಿಲ್ಲ. ಕೆಳಗೆ ಮನೆಯಲ್ಲಿ ಜವರಯ್ಯ ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ತಾರಸಿಯಲ್ಲಿ ಅವನ ನಾಲಿಗೆ ಸಡಿಲವಾಗುತ್ತಿತ್ತು. ಕಾಣುವುದಿಲ್ಲ ಅಂದರೆ, ಕೆಳಗೇ ಇರು ಅಂದುಬಿಟ್ಟರೆ? ಅವಳಿಗೆ ಆ ಒಂದು ಗಂಟೆ ಬೇಕಿತ್ತು. ಅವನು ನೀರು ಕುಡಿಯಲು ಇಳಿದಾಗ ಅವನ ಚೀಟಿ ಬಿಚ್ಚಿ ನೋಡಿ, ಅದನ್ನೇ ಬರೆದು ಹಾಕಿದಳು. ಮೂರು ತಿಂಗಳು ಹೀಗೇ ನಡೆಯಿತು.

ಅಷ್ಟರಲ್ಲಿ ಅವನೇ ಒಂದು ಬೆಳಗ್ಗೆ, "ಮದ್ದೂರಲ್ಲಿ ಕಣ್ಣಿನ ಕ್ಯಾಂಪಂತೆ. ನಡಿ, ಇಬ್ರೂ ತೋರುಸ್ಕಂಡ್ ಬರವ," ಅಂದ. ಅವಳಿಗೆ ಪೊರೆ ಬಂದಿತ್ತು, ತೆಗೆದರು. ಚುಕ್ಕಿಗಳು ಮತ್ತೆ ಎರಡಾದವು. ದೇವರು ಕಾಪಾಡಿದ ಎಂದುಕೊಂಡಿದ್ದಳು.

*

"ಮೇಷ್ಟ್ರೇ, ಅದ್ರೊಳಗೆ ಮೂರ್ ತಿಂಗ್ಳು ಕಳ್ಳಲೆಕ್ಕ ಅದೆ," ಎಂದಳು. ಹೇಳಲು ಶುರು ಮಾಡಿದ ಮೇಲೆ ಯಾವುದನ್ನೂ ಮುಚ್ಚಿಡಲಿಲ್ಲ. "ಹುಟ್ಟದೇ ಇರೋರ್ಗೂ ಮೋಸ ಮಾಡ್ಬುಟ್ಟೆ. ಯಜಮಾನ್ರ ಹೆಸ್ರು ಕೆಡದು ಬ್ಯಾಡ, ಪುಸ್ತ್ಕ ಓಗ್ಲಿ."

ಅಶೋಕ್ ಪಂಚೆಯಡಿಯಿಂದ ಪುಸ್ತಕ ತೆಗೆದು ಆ ವರ್ಷದ ಪುಟಗಳನ್ನು ಹುಡುಕಿದ. ಅಂಚಿನಲ್ಲಿ ಏನೋ ಬರೆದಿತ್ತು. ಓದಿದ:

"ಯಶೋದಳ ಅಳತೆ ತಿಂಗಳಿಡೀ ನನ್ನದಕ್ಕಿಂತ ಕೂದಲಷ್ಟೂ ಆಚೀಚೆ ಇಲ್ಲ. ಎರಡು ಕಣ್ಣು ಹೀಗೆ ಒಪ್ಪುವುದು ಸಾಧ್ಯವಿಲ್ಲ. ಅವಳಿಗೆ ಕಾಣುತ್ತಿಲ್ಲ. ಹೇಳಲು ಅಂಜಿದ್ದಾಳೆ. ಈ ತಿಂಗಳು ಅವಳ ತೂಕ ಸೊನ್ನೆ. ಕಣ್ಣಿನ ಕ್ಯಾಂಪ್ ಎಲ್ಲಿದೆ, ವಿಚಾರಿಸುವುದು."

ಅದರ ಮುಂದಿನ ಎರಡು ತಿಂಗಳಿಗೂ ಸೊನ್ನೆಯೇ ಇತ್ತು.

"ಯಾರ ಅಳತೆಯನ್ನ ಎಷ್ಟು ನಂಬಬಹುದೋ ಅದು ತೂಕ, ಅಮ್ಮ. ಸೊನ್ನೆ ಅಂದ್ರೆ ಸರಾಸರಿಗೆ ಸೇರಿಸಿಲ್ಲ. ನಿಮ್ಮ ಸುಳ್ಳು ಆಕಾಶ ಮುಟ್ಟಲೇ ಇಲ್ಲ."

ಯಶೋದಮ್ಮ ಗಂಡನ ಮುಖ ನೋಡಿದಳು. ತನ್ನ ಕಣ್ಣಿನ ಪೊರೆಯನ್ನು ಈ ಮನುಷ್ಯ ಕಣ್ಣಲ್ಲಿ ಕಾಣಲಿಲ್ಲ, ಅಂಕಿಯಲ್ಲಿ ಕಂಡ. ಕಂಡೂ ಆರು ವರ್ಷ ಒಂದು ಮಾತು ಎತ್ತಲಿಲ್ಲ.

"ಹೊತ್ತಾಯ್ತು ಕಣಮ್ಮ," ಎಂದ ಕೆಂಪಸಿದ್ದಯ್ಯ. ಚಟ್ಟ ಹೊರುವವರು ಬಾಗಿಲಲ್ಲಿ ನಿಂತಿದ್ದರು.

ಅಶೋಕ್ ಕೊನೆಯ ಪುಟಗಳಿಗೆ ಬಂದಿದ್ದ. ಅಕ್ಷರಗಳು ಅಲ್ಲಿ ಕಡಲೆಕಾಳಿನಷ್ಟು ದಪ್ಪವಾಗಿದ್ದವು. ಆತ ಒಂದು ಪುಟದಲ್ಲೇ ನಿಂತದ್ದು ಕಂಡು ಅವಳು, "ಓದಿ," ಅಂದಳು.

"ಯುಗಾದಿಯಿಂದ ನನ್ನ ಅಳತೆಗಳು ದಿಕ್ಕಾಪಾಲು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆ. ಡಾಕ್ಟರು ಇನ್ನು ಆಗದು ಅಂದರು. ಯಶೋದಳದು ನಿಂತ ನೀರಿನಂತಿದೆ. ಇನ್ನು ಮುಂದೆ ನನ್ನ ತೂಕ ಸೊನ್ನೆ, ಅವಳದೇ ಲೆಕ್ಕ."

"ಮೊನ್ನೆ ಸೋಮವಾರಾನೂ ಬಂದಿದ್ರಲ್ಲ," ಎಂದಳು ಯಶೋದಮ್ಮ. "ಗೋಡೆ ಇಡ್ಕಂಡು ಮೆಟ್ಲತ್ತುದ್ರು. ಗಾಜಿಗೆ ಕಣ್ಣಿಟ್ಟು, ಇವತ್ತು ಸಂದಾಗದೆ ಯಸೋದ ಅಂದ್ರು."

ಅವಳು ಪುಸ್ತಕವನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಒಂದು ಸಂಜೆಗೆ ಒಂದು ಸಾಲು. ಎಡಕ್ಕೆ ಅವಳ ಅಂಕಿ, ಬಲಕ್ಕೆ ಅವನ ಸೊನ್ನೆ. ಮೊದಲ ಸೊನ್ನೆಯ ಮೇಲೆ ಬೆರಳಿಟ್ಟಳು, ಕೆಳಗಿನದಕ್ಕೆ ಸರಿದಳು, ಅದರ ಕೆಳಗಿನದಕ್ಕೆ. ಪುಟ ಮುಗಿಯಿತು, ತಿರುವಿದಳು. ಅಲ್ಲೂ ಮೇಲಿಂದ ಕೆಳತನಕ ಸೊನ್ನೆ. ಹೊರುವವರು ಒಂದು ಹೆಜ್ಜೆ ಮುಂದಿಟ್ಟರು. ಕೆಂಪಸಿದ್ದಯ್ಯ ಕೈ ಅಡ್ಡ ಹಿಡಿದು ಅವರನ್ನು ತಡೆದ. ಅವಳ ಬೆರಳು ಇನ್ನೂ ಪುಟದ ನಡುವೆ ಇತ್ತು.