ಎದುರು ಗಾಳಿ

ಹೊಸ ವಾಹನದ ನೆತ್ತಿ ಒರೆಸಬೇಕಾದರೆ ಕನ್ನಡಕದಂಗಡಿಯ ಯಜಮಾನರು ಸ್ಟೂಲು ಹತ್ತಬೇಕಾಗಿತ್ತು. ಹತ್ತಿದಾಗ ಕಾಂಪೌಂಡಿನಾಚೆಗೆ ಎದುರು ಮನೆಯ ಅಂಗಳ ಕಾಣುತ್ತಿತ್ತು. ಎದುರು ಮನೆಯವರಿಗೂ ಅವರು ಕಾಣುತ್ತಿದ್ದರು. ಎರಡನೆಯದು ಅವರಿಗೆ ಬೇಡವಾದ ಸಂಗತಿಯೇನೂ ಆಗಿರಲಿಲ್ಲ.

"ಏನ್ಸಾರ್, ಮಹಡಿ ಕಟ್ಟಿಸ್ತಿದೀರಾ?" ಎಂದು ಎದುರು ಮನೆಯವರು ಕೂಗಿ ಕೇಳಿದರು.

"ಹೂಂ. ಬಾಡಿಗೆಗೆ ಬರ್ತೀರಾ?" ಎಂದರು ಯಜಮಾನರು, ಬಟ್ಟೆ ಹಿಂಡುತ್ತ.

ವಾಹನಕ್ಕೆ ಏಳು ಆಸನ. ಮನೆಯಲ್ಲಿದ್ದವರು ಗಂಡ ಹೆಂಡತಿ ಇಬ್ಬರೇ. ಹಿಂದೆ ಅವರಲ್ಲಿದ್ದುದು ತಗ್ಗಾದ, ಮೂತಿ ಇಳಿಜಾರಾದ ಒಂದು ಸಣ್ಣ ಬ್ಯಾಟರಿ ಕಾರು. ನಾದಿನಿಯ ಗಂಡ, ಅಂದರೆ ಅವರ ಷಡ್ಡಕ, ಅದನ್ನು ‘ಸಾಬೂನಿನ ಡಬ್ಬಿ’ ಎನ್ನುತ್ತಿದ್ದ. ತಾನು ಎತ್ತರದ ವಾಹನ ಕೊಂಡ ದಿನ ಅದನ್ನು ಡಬ್ಬಿಯ ಪಕ್ಕದಲ್ಲೇ ತಂದು ನಿಲ್ಲಿಸಿ, "ಅಣ್ಣ, ಬಿಸಿಲಿದ್ರೆ ಹೇಳಿ, ನಿಮ್ಮದಕ್ಕೆ ನನ್ನದರ ನೆರಳು ಸಾಕು" ಎಂದಿದ್ದ. ಎಲ್ಲರೂ ನಕ್ಕರು. ಯಜಮಾನರೂ ನಕ್ಕರು. ಕೆಲವೇ ವಾರಗಳಲ್ಲಿ ಡಬ್ಬಿ ವಿನಿಮಯಕ್ಕೆ ಹೋಗಿ, ಷಡ್ಡಕನದಕ್ಕಿಂತ ಒಂದು ಗೇಣು ಎತ್ತರದ್ದು ಮನೆಗೆ ಬಂದಿತು. ಅದರ ನೆತ್ತಿಯ ಮೇಲೆ ಸಾಮಾನು ಕಟ್ಟಲು ಒಂದು ಕಬ್ಬಿಣದ ಚೌಕಟ್ಟನ್ನೂ ಹಾಕಿಸಿದರು. ಕಟ್ಟುವುದಕ್ಕೆ ಸಾಮಾನೇನೂ ಇರಲಿಲ್ಲ.

ಹೆಂಡತಿಗೆ ಅವರು ಹೇಳಿದ ಕಾರಣ ಬೇರೆ. "ಅತ್ತೆಯನ್ನ ಮಲಗಿಸಿಕೊಂಡೇ ಇಲ್ಲಿಗೆ ಕರ್ಕೊಂಡು ಬರಬಹುದು."

ಆ ಮಾತು ಸುಳ್ಳಾಗಿರಲಿಲ್ಲ. ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದಿದ್ದ ಅತ್ತೆ, ಬಯಲಿನ ಆಚೆಯ ಊರಿನಲ್ಲಿ ದಾದಿಯೊಬ್ಬಳ ಕೈಯಲ್ಲಿದ್ದರು. ಆದರೆ ವೈದ್ಯರು ಅವರನ್ನು ಸದ್ಯಕ್ಕೆ ಅಲುಗಿಸಲೇಬಾರದು ಎಂದರು. ಹೀಗಾಗಿ ಏಳು ಆಸನದ ವಾಹನದಲ್ಲಿ ಪ್ರತಿ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಗಣಿತದ ಅಧ್ಯಾಪಕಿಯಾದ ಹೆಂಡತಿ ಒಬ್ಬಳೇ ಹೊರಡುತ್ತಿದ್ದಳು.

ಹೊರಡದೆ ವಿಧಿಯಿರಲಿಲ್ಲ. ತಾಯಿ ಬೆಳಗ್ಗೆ ದಾದಿ ಕೊಟ್ಟದ್ದನ್ನು ಎರಡು ಗುಟುಕು ಕುಡಿದರೆ ಹೆಚ್ಚು. ಸಂಜೆ ಈ ಹಿರಿಮಗಳ ಕೈಯಿಂದ ಮಾತ್ರ ಉಣ್ಣುತ್ತಿದ್ದರು. ಕಿರಿಮಗಳೂ ಸೇರಿ ಬೇರೆ ಯಾರು ಚಮಚ ಹಿಡಿದರೂ ತುಟಿ ಬಿಗಿಯುತ್ತಿತ್ತು. ಕಿಟಕಿಯ ಬೆಳಕು ಆರುತ್ತಲೇ ಅವರಿಗೆ ಮಂಪರು ಹತ್ತುತ್ತಿತ್ತು, ಆಮೇಲೆ ಉಣಿಸಿದರೆ ಉಸಿರಿನ ದಾರಿಗೆ ಇಳಿಯುವ ಅಪಾಯ. ತೂಕ ಇನ್ನೂ ಇಳಿದರೆ ಮೂಗಿನಿಂದ ನಳಿಕೆ ಹಾಕಬೇಕಾಗುತ್ತದೆ, ಅವರು ಅದನ್ನು ಕಿತ್ತೆಸೆಯದಂತೆ ಕೈ ಕಟ್ಟಬೇಕಾಗುತ್ತದೆ ಎಂದು ವೈದ್ಯರು ತಿಳಿಸಿದ್ದರು. ತಾಯಿಯ ಕೈ ಕಟ್ಟುವ ಆ ಮಾತು ಮಗಳ ಮನಸ್ಸಿನಿಂದ ಹೋಗಿರಲಿಲ್ಲ.

ಡಬ್ಬಿಯಿದ್ದಾಗ ಆಕೆ ಬಿಸಿಲಿರುವಾಗಲೇ ತಲುಪಿ, ಉಣಿಸಿ, ಮತ್ತೆಲ್ಲೂ ನಿಲ್ಲದೆ ಮನೆಗೆ ಮರಳುತ್ತಿದ್ದಳು. ಹೊಸ ವಾಹನ ನಡುದಾರಿಯ ಚಾರ್ಜಿಂಗ್ ತಾಣದಲ್ಲಿ ನಿಲ್ಲದೆ ಮುಂದೆ ಹೋಗುವಂತಿರಲಿಲ್ಲ. ಅಲ್ಲಿ ಸದಾ ಸಾಲು. ಆ ವಾರದಲ್ಲೇ ಎರಡು ಸಂಜೆ ಆಕೆ ತಲುಪುವಷ್ಟರಲ್ಲಿ ತಾಯಿ ಮಲಗಿಬಿಟ್ಟಿದ್ದರು.

"ರಾತ್ರಿಯೆಲ್ಲಾ ಚಾರ್ಜಿಗೆ ಹಾಕಿರ್ತೀಯಲ್ಲ," ಎಂದರು ಯಜಮಾನರು.

"ನಲ್ಲಿ ಅದೇ ರೀ. ನೀವು ಕೊಡ ದೊಡ್ಡದು ತಂದಿದೀರಿ. ಬೆಳಗಾದ್ರೂ ಅರ್ಧ ತುಂಬಲ್ಲ."

"ಅರ್ಧ ಅಂದ್ರೂ ಡಬ್ಬಿ ಕುಡೀತಿದ್ದಷ್ಟು ಆಯ್ತಲ್ಲ? ಅಷ್ಟರಲ್ಲೇ ಅದು ಹೋಗಿ ಬರ್ತಿತ್ತು."

"ಅದು ಗಾಳಿ ಸೀಳ್ಕೊಂಡು ಹೋಗ್ತಿತ್ತು. ಇದು ಗೋಡೆ. ಬಯಲಲ್ಲಿ ಎದುರು ಗಾಳಿಗೆ ಗೋಡೆ ತಳ್ಕೊಂಡು ಹೋಗೋದು ಅಂದ್ರೆ ಸುಮ್ನೇನಾ?"

"ನಿನ್ನ ಕಾಲು ಭಾರ. ಮೆಲ್ಲಗೆ ಒತ್ತಬೇಕು."

"ಮೆಲ್ಲಗೆ ಹೋದ್ರೆ ಉಳಿಯುತ್ತೆ, ಒಪ್ಪಿದೆ. ಆದ್ರೆ ಕತ್ತಲಾಗುತ್ತೆ."

ಯಜಮಾನರು, "ಲಾರಿ ಪಕ್ಕದಲ್ಲಿ ಹೋದಾಗ ಡಬ್ಬಿಯೊಳಗೆ ಜೀವ ಬಾಯಿಗೆ ಬರುತ್ತೆ ಅಂತ ನೀನೇ ಹೇಳ್ತಿದ್ದೆ" ಎಂದರು.

"ಬರ್ತಿತ್ತು. ಆದ್ರೂ ತಲುಪ್ತಿದ್ದೆ."

ಮನೆಗೆ ಹೆಚ್ಚಿನ ವಿದ್ಯುತ್ ಸಂಪರ್ಕ ಕೇಳಿ ಅರ್ಜಿ ಕೊಟ್ಟಾಗಿತ್ತು. ಬೀದಿಯ ಟ್ರಾನ್ಸ್‌ಫಾರ್ಮರಿಗೆ ಅಷ್ಟು ತಾಳಿಕೆಯಿಲ್ಲವೆಂಬ ಉತ್ತರ ಬಂದಿತ್ತು. ತಾಯಿಯ ಮನೆಯ ತಂತಿಗಳಂತೂ ಇಸ್ತ್ರಿಪೆಟ್ಟಿಗೆಗೇ ಬಿಸಿಯಾಗುತ್ತಿದ್ದವು. ಶಾಲೆ ಬಿಟ್ಟ ಮೇಲೆ ಸಿಗುವ ಬಸ್ಸು ಕತ್ತಲಾದ ಮೇಲೆಯೇ ಆ ಊರು ಮುಟ್ಟುತ್ತಿತ್ತು. ಡಬ್ಬಿ ಯಾರ ಕೈ ಸೇರಿತೆಂಬುದು ಮಾರಾಟದವರಿಗೂ ತಿಳಿಯದು.

ಮರುದಿನ ಮಧ್ಯಾಹ್ನ ಹೆಂಡತಿ ಶಾಲೆಯಿಂದ ಬರುವಷ್ಟರಲ್ಲಿ ದಾದಿ ಫೋನು ಮಾಡಿದಳು. ಬೆಳಗ್ಗೆಯಿಂದ ಅಮ್ಮ ಒಂದು ಗುಟುಕೂ ನುಂಗಿಲ್ಲ, ಇವತ್ತು ಸಂಜೆಯೂ ಹೀಗೇ ಆದರೆ ನಾಳೆ ವೈದ್ಯರು ನಳಿಕೆ ತರುತ್ತಾರಂತೆ ಎಂದಳು. ಯಜಮಾನರು ಅಂಗಡಿಯ ಬಾಗಿಲೆಳೆದು, "ನಡಿ, ನಾನೇ ಓಡಿಸ್ತೀನಿ. ಹೇಗೆ ಓಡಿಸಬೇಕು ಅಂತ ನೋಡ್ಕೋ" ಎಂದರು.

ಊರು ದಾಟುವವರೆಗೆ ಅವರ ಮಾತೇ ಮೇಲಾಗಿತ್ತು. ಚಾರ್ಜು ತೋರಿಸುವ ಮೀಟರಿನ ಗೆರೆ ಹೆಚ್ಚು ಕದಲಲಿಲ್ಲ. ಅವರು ಹೆಂಡತಿಯ ಕಡೆ ನೋಡಿ ಗಡ್ಡ ನೀವಿಕೊಂಡರು. ಕಟ್ಟಡಗಳು ಮುಗಿದು ಬಯಲು ತೆರೆದಾಗ ಗಾಳಿ ಎದುರಾಯಿತು. ನೆತ್ತಿಯ ಮೇಲಿನ ಚೌಕಟ್ಟು ಸಿಳ್ಳೆ ಹಾಕತೊಡಗಿತು. ಬಾನೆಟ್ಟು ನೆಟ್ಟಗೆ, ಗಾಜು ನೆಟ್ಟಗೆ, ಹಿಂಬದಿಯೂ ನೆಟ್ಟಗೆ: ಗಾಳಿಗೆ ಜಾರಿಕೊಳ್ಳಲು ಒಂದು ಇಳಿಜಾರನ್ನೂ ಆ ವಾಹನ ಬಿಟ್ಟಿರಲಿಲ್ಲ. ಗೆರೆ ಕಣ್ಣೆದುರಿಗೇ ಕುಸಿಯತೊಡಗಿತು.

ಯಜಮಾನರು ತಂಪು ಯಂತ್ರ ಆರಿಸಿದರು. ಕಿಟಕಿ ತೆರೆದರೆ ಗಾಳಿ ಒಳನುಗ್ಗಿ ಇನ್ನಷ್ಟು ತಡೆಯುತ್ತದೆಂದು ಅದನ್ನೂ ತೆರೆಯಲಿಲ್ಲ. ಬೆವರು ಕನ್ನಡಕದ ಮೇಲೆ ಹನಿಯಿತು. ಕಾಲನ್ನು ಸಡಿಲಿಸಿದರೆ ಗೆರೆ ನಿಲ್ಲುತ್ತಿತ್ತು, ಸೂರ್ಯ ನಿಲ್ಲುತ್ತಿರಲಿಲ್ಲ. ಒತ್ತಿದರೆ ಗೆರೆ ಬೀಳುತ್ತಿತ್ತು. ಅವರು ಒತ್ತಿ ನೋಡಿದರು, ಸಡಿಲಿಸಿ ನೋಡಿದರು. ಹೆಂಡತಿ ಕಿಟಕಿಯಾಚೆ ನೋಡುತ್ತ ಕುಳಿತಿದ್ದಳು. ಕಾಲಿನ ಮಾತು ಯಾರೂ ಎತ್ತಲಿಲ್ಲ.

ಚಾರ್ಜಿಂಗ್ ತಾಣದಲ್ಲಿ ಇವರದರಂಥವೇ ಎತ್ತರದ ವಾಹನಗಳು ಸಾಲಾಗಿ ನಿಂತಿದ್ದವು. ಒಂದೊಂದರಲ್ಲೂ ಒಬ್ಬೊಬ್ಬರು.

"ಸ್ವಲ್ಪ ನಮ್ಮನ್ನ ಮುಂದೆ ಬಿಡ್ತೀರಾ? ಅತ್ತೆಗೆ ಹುಷಾರಿಲ್ಲ," ಎಂದು ಯಜಮಾನರು ಮುಂದಿನವರನ್ನು ಕೇಳಿದರು.

"ಎಲ್ಲರಿಗೂ ಒಂದೊಂದು ಅತ್ತೆ ಇದ್ದೇ ಇರ್ತಾರೆ ಸಾರ್," ಎಂದರು ಆತ. ಬಳಿಕ ಇವರ ಮುಖ ನೋಡಿ ದನಿ ತಗ್ಗಿಸಿದರು. "ತಪ್ಪು ತಿಳ್ಕೋಬೇಡಿ. ನಾನು ಬಿಟ್ಟೆ ಅಂದ್ರೂ ನಿಮ್ಮದು ತುಂಬೋಕೆ ಎಷ್ಟೊತ್ತು ಬೇಕು ಹೇಳಿ? ಕತ್ತಲಾಗಿರುತ್ತೆ."

ಆಗ ಒಂದು ಯಂತ್ರದಿಂದ ತಂತಿ ಕಳಚುತ್ತಿದ್ದ ಹೆಂಗಸು ಯಜಮಾನರ ಕಣ್ಣಿಗೆ ಬಿದ್ದಳು. ಆಕೆ ಪಶುವೈದ್ಯೆ. ಆಕೆಯದು ಒಬ್ಬರ ಹಿಂದೆ ಒಬ್ಬರು ಕೂರುವ, ಸೊಂಟದೆತ್ತರದ, ಹಿಂದಕ್ಕೆ ಸಣ್ಣಗಾಗುತ್ತ ಹೋದ ಕಾರು. ತಂತಿ ಹಚ್ಚಿ ಹೆಚ್ಚು ಹೊತ್ತಾಗಿರಲಿಲ್ಲ, ಆಗಲೇ ತುಂಬಿತ್ತು. ಆಕೆ ಒಳಗೆ ಕೂರುತ್ತಲೇ ಯಜಮಾನರು ಅದರ ಬಳಿ ಹೋಗಿ ಬಗ್ಗಿದರು. ಬಗ್ಗದೆ ಅದರೊಳಗಿದ್ದವರ ಮುಖ ಕಾಣುವಂತಿರಲಿಲ್ಲ.

"ಅಮ್ಮಾ, ನನ್ನ ಹೆಂಡತಿಯನ್ನ ಮುಂದಿನ ಊರಿಗೆ ಬಿಡ್ತೀರಾ? ಬೆಳಕಿರೋವಾಗ ತಲುಪಬೇಕು."

"ಔಷಧಿ ಪೆಟ್ಟಿಗೆ ತೊಡೆ ಮೇಲೆ ಇಟ್ಕೋಬೇಕು. ಮಾತಾಡೋಕೆ ನನ್ನ ಬೆನ್ನೇ ಗತಿ," ಎಂದಳು ಪಶುವೈದ್ಯೆ. "ಹತ್ತಿ ಮೇಡಂ."

ಕಾರು ಗಾಳಿಯೊಳಗೆ ಸದ್ದಿಲ್ಲದೆ ನುಸುಳಿ ಮರೆಯಾಯಿತು. ಯಜಮಾನರು ತಮ್ಮ ಏಳು ಆಸನಗಳ ನಡುವೆ ಒಬ್ಬರೇ ಕುಳಿತರು. ಅಷ್ಟರಲ್ಲಿ ಷಡ್ಡಕನ ಫೋನು ಬಂದಿತು.

"ಅಣ್ಣ, ನಿಮ್ಮದು ನೋಡಿದ ಮೇಲೆ ನನ್ನದು ಕುಳ್ಳ ಅನ್ನಿಸ್ತಿದೆ. ಅದಕ್ಕಿಂತ ದೊಡ್ಡದು ಬಂದಿದೆಯಂತೆ. ನಾಳೆ ಮುಂಗಡ ಕೊಡ್ತಿದೀನಿ."

"ಬೇಡ ಕಣೋ."

"ಯಾಕೆ, ನಿಮ್ಮದಕ್ಕಿಂತ ಎತ್ತರ ಆಗುತ್ತೆ ಅಂತಾನಾ?"

ಯಜಮಾನರು ಗಾಳಿಯ ವಿಷಯ ಹೇಳಿದರು, ಸಾಲಿನ ವಿಷಯ ಹೇಳಿದರು, ಅತ್ತೆಯ ವಿಷಯವನ್ನೂ ಹೇಳಿದರು. ಷಡ್ಡಕ ಕೇಳಿಸಿಕೊಂಡ. "ಪಾಪ, ಅತ್ತೆಗೆ ಹೀಗಾಗಬಾರದಿತ್ತು" ಎಂದ. ಆಮೇಲೆ, "ನಾನು ಮಾರ್ಕೆಟ್ಟಿಗೆ ಹೋಗಿ ಬರೋನು ಅಣ್ಣ, ನನಗೆಲ್ಲಿಯ ಬಯಲು" ಎಂದು ನಕ್ಕು ಫೋನಿಟ್ಟ.

ಅವರು ಅತ್ತೆಯ ಮನೆ ತಲುಪಿದಾಗ ಪೂರ್ತಿ ಕತ್ತಲಾಗಿತ್ತು. ಹೆಂಡತಿ ಅಡುಗೆಮನೆಯಲ್ಲಿ ಬಟ್ಟಲು ತೊಳೆಯುತ್ತಿದ್ದಳು.

"ಉಂಡ್ರಾ?"

"ಅರ್ಧ ಬಟ್ಟಲು. ವೈದ್ಯರಿಗೆ ಹೇಳಿದೆ. ಎರಡು ದಿನ ನೋಡೋಣ ಅಂದ್ರು."

ಯಜಮಾನರು ಬಾಗಿಲಿಗೆ ಒರಗಿ ನಿಂತರು. "ಇದನ್ನ ವಾಪಸ್ ಕೊಟ್ಟು ಆ ಡಾಕ್ಟರಮ್ಮನದರಂಥದ್ದು ತರ್ತೀನಿ."

"ನಾನೂ ಕೇಳ್ದೆ. ಅಂಥವನ್ನ ಮಾಡೋದೇ ನಿಲ್ಸಿದಾರಂತೆ. ಯಾರೂ ಕೇಳೋಲ್ವಂತೆ." ಆಕೆಯ ದನಿಯಲ್ಲಿ ಆಕ್ಷೇಪವಿರಲಿಲ್ಲ; ಅದು ಯಜಮಾನರಿಗೆ ಆಕ್ಷೇಪಕ್ಕಿಂತ ಕಷ್ಟವಾಯಿತು. "ಹಳೇದು ಎಲ್ಲಾದ್ರೂ ಸಿಕ್ಕರೆ ಹೇಳ್ತೀನಿ ಅಂದ್ರು. ನಾಳೆಗೆ ಏನು ಮಾಡೋಣ?"

ಯಜಮಾನರು ಒಳಗೆ ಬಂದು ತೊಳೆದ ಬಟ್ಟಲನ್ನು ಕವುಚಿಟ್ಟರು. ಆಮೇಲೆ, "ಶಾಲೆ ಬಿಡೋಕೆ ಮುಂಚೆ ಹೊರಡೋ ಬಸ್ಸು ಬೆಳಕಿರೋವಾಗ ಇಲ್ಲಿಗೆ ಬರುತ್ತಲ್ಲ. ನಿನಗೆ ಶಾಲೆ ಇರುತ್ತೆ. ನನಗೇನು, ಅಂಗಡಿ ಮುಚ್ಚಬಹುದು" ಎಂದರು.

"ನಿಮ್ಮ ಕೈಯಿಂದ ಉಣ್ತಾರಾ?"

"ಹೇಗೆ ಹಿಡೀಬೇಕು ತೋರಿಸು."

ಆಕೆ ಒದ್ದೆ ಚಮಚವನ್ನು ಸೆರಗಿನಲ್ಲಿ ಒರೆಸಿ ಗಂಡನ ಕೈಗೆ ಕೊಟ್ಟಳು. "ಕೆಳತುಟಿಗೆ ತಾಗಿಸಿ ಸುಮ್ಮನೆ ಕಾಯಬೇಕು. ಒತ್ತಬಾರದು."

ಮರುದಿನ ಯಜಮಾನರು ಬಸ್ಸಿನಿಂದಿಳಿದು ಬಂದಾಗ ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು. ದಾದಿ ಅತ್ತೆಯನ್ನು ದಿಂಬಿಗೊರಗಿಸಿ ಕೂರಿಸಿದಳು. ಅತ್ತೆ ಅಳಿಯನ ಮುಖ ನೋಡಿದರು, ಅವರ ಹೆಗಲಾಚೆ ಬಾಗಿಲ ಕಡೆ ನೋಡಿದರು, ತುಟಿ ಬಿಗಿದರು.

"ಅವಳು ಶಾಲೆಯಲ್ಲಿದಾಳೆ ಅತ್ತೆ. ಇವತ್ತು ನಾನು," ಎಂದು ಯಜಮಾನರು ಚಮಚವನ್ನು ಕೆಳತುಟಿಗೆ ತಾಗಿಸಿದರು.

ಬಿಸಿಲು ಹಾಸಿಗೆಯಿಂದ ಗೋಡೆಗೆ ಏರಿತು. ಚಮಚದಲ್ಲಿದ್ದುದು ಆರಿತು, ದಾದಿ ಬಟ್ಟಲನ್ನು ಒಯ್ದು ಮತ್ತೆ ಬಿಸಿಮಾಡಿ ತಂದಳು. ಯಜಮಾನರ ತೋಳು ಸೋತಿತು. ಅವರು ಇನ್ನೊಂದು ಕೈಯಿಂದ ಅದಕ್ಕೆ ಆಸರೆ ಕೊಟ್ಟರು. ತುಟಿಗಳು ತೆರೆಯಲಿಲ್ಲ. ಅವರು ಒತ್ತಲಿಲ್ಲ, ಚಮಚವನ್ನು ಹಿಂದಕ್ಕೂ ತೆಗೆಯಲಿಲ್ಲ.