ಹಗ್ಗದ ಮೇಲಿದ್ದ ಸರ್ಕಾರಿ ಅಂಗಿ

ಬೇಸಾ ಹಿತ್ತಿಲಿಂದ ಬರಿಗೈಯಲ್ಲಿ ಓಡಿಬಂದು ತಂಗಿಯ ಕಿವಿಗೆ ಬಾಯಿಟ್ಟಳು. "ಅಂಗಿ ಹಗ್ಗದ ಮೇಲಿಲ್ಲ ಕಣೇ."

ಚಾಪೆಯ ಮೇಲೆ ಕೂತಿದ್ದ ಮುತಾಲೆ ಬಾಗಿಲ ಕಡೆ ನೋಡಿದಳು. ಹೊರಗೆ ಗಂಡಸರ ಬೆಂಕಿಯ ಹತ್ತಿರ, ಅರಣ್ಯ ಇಲಾಖೆಯ ಜೀಪಿಗೆ ಒರಗಿಕೊಂಡು ಸಿಂಬೇಯೆ ಸಾಹೇಬ ಚಹಾ ಕುಡಿಯುತ್ತಿದ್ದ. ಸತ್ತ ಅವಳ ಗಂಡ ಚಿಸೆಂಗಾನಿಗೆಂದು ಎಂಪಿಕಾ ಪಟ್ಟಣದಿಂದ ಶವಪೆಟ್ಟಿಗೆ ತಂದವನು ಅವನೇ.

"ಯಾರು ತಗೊಂಡ್ರು ಅಕ್ಕ?"

"ಜೇರೆ. ತೊಟ್ಕೊಂಡು ಸ್ಮಶಾನದ ಕಡೆ ಹೋದನಂತೆ."

"ಆ ಎನ್‌ಗೋನಿನಾ?"

"ಇನ್ಯಾರು, ಆ ಇಲಿ ತಿನ್ನೋನೇ."

ಬೇರೆ ಯಾರಾಗಿದ್ದರೂ ಕಾಲು ಹಿಡಿಯಬಹುದಿತ್ತು. ಆದರೆ ಜೇರೆ ಎನ್‌ಗೋನಿ ಕುಲದವನು, ಸತ್ತವನು ಬೆಂಬಾ ಕುಲದವನು. ಅಜ್ಜಂದಿರು ಈಟಿ ಹಿಡಿದು ಕಾದಾಡಿದ ಋಣಕ್ಕೆ ಮೊಮ್ಮಕ್ಕಳು ನಾಲಿಗೆಯಲ್ಲಿ ಕಾದಾಡುತ್ತಾರೆ. ಬೆಂಬಾನ ಸಾವಿನಲ್ಲಿ ಎನ್‌ಗೋನಿಯಾದವನು ಸತ್ತವನ ಬಟ್ಟೆ ತೊಟ್ಟು, ಅವನ ನಡಿಗೆ ನಡೆದು, ಅವನ ಹುಳುಕನ್ನೆಲ್ಲ ಜನರೆದುರು ಆಡಿ ನಗಿಸಬಹುದು. ಯಾರೂ ತಡೆಯುವಂತಿಲ್ಲ, ಸಿಟ್ಟಾಗುವಂತಿಲ್ಲ. ತಡೆದರೆ ಸತ್ತವನಿಗೇ ಅವಮಾನ.

ಈ ಜೇರೆಯದು ಸೈಕಲ್ ರಿಪೇರಿ ಅಂಗಡಿ. ಸೋಮವಾರ ಸಂಜೆಯವರೆಗೂ ಚಿಸೆಂಗಾ ಅಲ್ಲೇ ಕೂತು ಹರಟಿದ್ದ. ಅಂದು ಅವನಿಗೆ ರಜೆ. ಅರಣ್ಯ ಠಾಣೆಗೆಲ್ಲ ಅವನೊಬ್ಬನೇ ಕಾವಲುಗಾರನಾದ್ದರಿಂದ ಆ ರಜೆ ಊರಿಗೆ ಗೊತ್ತು, ಮೇಲಿನವರಿಗೆ ಗೊತ್ತಿಲ್ಲ.

ಡ್ಯೂಟಿಯಲ್ಲಿ ಸತ್ತರೆ ಹೆಂಡತಿ ಮಕ್ಕಳಿಗೆ ಸರ್ಕಾರದ ಪರಿಹಾರ. ರಜೆಯಲ್ಲಿ ಸತ್ತರೆ ಪೆಟ್ಟಿಗೆ, ಒಂದು ಮೂಟೆ ಮೆಕ್ಕೆಜೋಳದ ಹಿಟ್ಟು, ಆಮೇಲೆ ಕ್ವಾರ್ಟರ್ಸ್ ಖಾಲಿ ಮಾಡಿ ಅನ್ನುವ ಮಾತು. ಮೂರು ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು?

ಬೆಳಿಗ್ಗೆ ಸಾಹೇಬ ಕೇಳಿದ್ದ, "ಸತ್ತಾಗ ಮೈಮೇಲಿದ್ದ ಸರ್ಕಾರಿ ಅಂಗಿ ಎಲ್ಲಿ?" ಊರ ಹಿರಿಯ ಬಾಯಿಗೆ ಬಂದದ್ದು ಹೇಳಿಬಿಟ್ಟಿದ್ದ. "ಆನೆ ತುಳಿದು ಚಿಂದಿ ಆಗಿದೆ ಸ್ವಾಮಿ, ಹೆಂಗಸರು ಎತ್ತಿಟ್ಟಿದಾರೆ. ಮಣ್ಣಾದ ಮೇಲೆ ಕೊಡ್ತೀವಿ." ಆ ಹೊತ್ತಿಗೆ ಅಂಗಿ ಒಂದು ಗುಂಡಿಯೂ ಕಿತ್ತುಹೋಗದೆ ಹಿತ್ತಿಲಿನಲ್ಲಿ ಜೋತಾಡುತ್ತಿತ್ತು. ಸಾವಿನ ಗಲಾಟೆಯಲ್ಲಿ ಅದನ್ನು ತೆಗೆಯಲು ಯಾರಿಗೂ ನೆನಪಾಗಿರಲಿಲ್ಲ.

*

ಸೋಮವಾರ ಅದನ್ನು ಒಗೆದವಳು ಮುತಾಲೆಯೇ. ಅವನಿಗೆ ಇದ್ದದ್ದು ಅದೊಂದೇ. ಹಿಂದೊಮ್ಮೆ ಅದು ಗಾಳಿಗೆ ಹಾರಿ ಹೊಳೆಯ ಪೊದೆ ಸೇರಿದಾಗ, ಸಿಕ್ಕುವವರೆಗೆ ಅನ್ನ ನೀರು ಬಿಟ್ಟು ಅಲೆದಿದ್ದ. ಆಮೇಲೆ ಅದನ್ನು ಹಗ್ಗಕ್ಕೆ ಸಿಕ್ಕಿಸಲು ಎಂಪಿಕಾ ಮಾರುಕಟ್ಟೆಯಿಂದ ಕೆಂಪು ಪ್ಲಾಸ್ಟಿಕ್ ಕ್ಲಿಪ್ಪು ತಂದ.

"ನನ್ನ ಬಟ್ಟೆ ಹಾರಿದ್ರೆ ಪರವಾಗಿಲ್ವಾ?" ಎಂದು ಅವಳು ಕೆಣಕಿದ್ದಳು.

"ನಿನ್ನದು ಹಾರಿದ್ರೆ ನಾನು ಹುಡುಕ್ತೀನಿ. ಸರ್ಕಾರದ್ದು ಹಾರಿದ್ರೆ ಸರ್ಕಾರ ನನ್ನ ಹುಡುಕುತ್ತೆ."

ಅಂಥ ಪುಕ್ಕಲ ಅವನು. ಸಿಂಹಕ್ಕಿಂತ ಹೆಚ್ಚಾಗಿ ಮೇಲಧಿಕಾರಿಯ ಪೆನ್ನಿಗೆ ಹೆದರುತ್ತಿದ್ದ.

ಆ ಸೋಮವಾರ ಸಂಜೆ ಹೊಲಕ್ಕೆ ಆನೆ ಬಂತೆಂದು ಕೂಗು ಎದ್ದಾಗ ಅವನು ಬನಿಯನ್ನಿನಲ್ಲಿ ಬಾಗಿಲಲ್ಲಿ ಕೂತಿದ್ದ.

"ಇವತ್ತು ರಜೆ ಕಣೇ," ಅಂದ.

"ಆನೆಗೆ ಹೇಳಿದೀಯಾ ನಿನ್ನ ರಜೆ? ಕಾವಲುಗಾರನ ಹೆಂಡ್ತಿ ಹೊಲಾನೇ ಆನೆ ಮೇಯ್ದ್ರೆ ಊರು ನಗಲ್ವಾ?"

ಅವನು ಎದ್ದ. ಪಾತ್ರೆಯ ಮುಚ್ಚಳ, ಒಂದು ಕೋಲು ತೆಗೆದುಕೊಂಡು ಬಡಿಯುತ್ತಾ ಹೋದ. ಸ್ವಲ್ಪ ಹೊತ್ತಿಗೆ ಬಡಿತ ನಿಂತಿತು. ಆನೆ ಹೋಯಿತೆಂದುಕೊಂಡು ಅವಳು ಊಟಕ್ಕೆ ಕಾಳು ಬೇಯಲಿಟ್ಟಳು.

*

ಪೆಟ್ಟಿಗೆ ಇಳಿಸುವ ಮೊದಲೇ ಜೇರೆ ಗುಂಡಿಯ ಅಂಚಿಗೆ ಬಂದ. ಮೈಮೇಲೆ ಆ ಖಾಕಿ ಅಂಗಿ, ಹೆಗಲಿಗೆ ಕೋಲಿನ ಬಂದೂಕು, ಚಿಸೆಂಗಾನದೇ ಡೊಂಕುಗಾಲಿನ ನಡಿಗೆ. ಅಳುತ್ತಿದ್ದ ಹೆಂಗಸರು ಅಳುತ್ತಲೇ ನಕ್ಕರು. ಮುತಾಲೆಗೆ ನಗು ಬರಲಿಲ್ಲ. ಅವಳು ಅಕ್ಕನ ತೋಳು ಹಿಡಿದಳು.

"ಯಾರದು ಪೆಟ್ಟಿಗೇಲಿ? ಕೋತಿ ತಿನ್ನೋ ಬೆಂಬಾನಾ? ಒಳಗೆ ಹೋಗೋಕೆ ಪರವಾನಗಿ ಇದೆಯೇನೋ?"

"ಅವನೇ ಕಾವಲುಗಾರ ಕಣೋ," ಎಂದು ಹಿಂದಿನಿಂದ ಯಾರೋ ಕೂಗಿದರು.

"ಇವನ ಕಾವಲು ಎಂಥದ್ದು ಅಂತ ನನ್ನ ಕೇಳಿ. ಸೋಮವಾರ ಇಡೀ ದಿನ ಎಲ್ಲಿದ್ದ ಗೊತ್ತಾ?"

ನಗು ತಟ್ಟನೆ ನಿಂತಿತು. ಊರ ಹಿರಿಯ ಸುಮ್ಮಸುಮ್ಮನೆ ಕೆಮ್ಮಿದ. ಸಿಂಬೇಯೆ ಜನರ ನಡುವಿನಿಂದ ಮುಂದೆ ಬಂದ.

"ಎಲ್ಲಿದ್ದ?"

ಮುತಾಲೆ ದೇವರನ್ನು ನೆನೆಯಲಿಲ್ಲ, ಗಂಡನನ್ನೇ ನೆನೆದಳು. ನಿನ್ನ ಗೆಳೆಯನ ನಾಲಿಗೆ ಹಿಡಿಯೋ ಮಾರಾಯ, ನಾನು ನಿನ್ನ ಕಳಿಸಿದ್ದು ತಪ್ಪಾಯ್ತು. ಜೇರೆ ಅವಳ ಕಡೆ ನೋಡಿದ. ಕಣ್ಣು ಕೆಂಪಾಗಿದ್ದವು. ಕುಡಿದದ್ದಕ್ಕೋ ಅತ್ತದ್ದಕ್ಕೋ ಅವಳಿಗೆ ತಿಳಿಯಲಿಲ್ಲ.

"ಎಲ್ಲಿದ್ದ ಅಂದ್ರೆ..." ಜೇರೆ ಕಿವಿಗೆ ಕೈಯಿಟ್ಟು ಆಲಿಸಿದ. "ತಾಳಿ ಸಾಹೇಬ್ರೆ, ಆನೆ ಬಂತು."

ಅಂದವನೇ ಗುಂಡಿಗೆ ಧುಮುಕಿದ. ಕೆಮ್ಮಣ್ಣಿನಲ್ಲಿ ಹೊರಳಿದ, ಘೀಳಿಟ್ಟ, ಗೋಡೆಗೆ ಮೈ ಉಜ್ಜಿದ. ಪರ್ ಎಂದು ತೋಳು ಹರಿಯಿತು. ಮತ್ತೆ ಪರ್ ಎಂದು ಬೆನ್ನು ಸೀಳಿತು. "ದುಡ್ಡು ಹಾಕದೆ ಏಳಲ್ಲ. ಈ ಕೋತಿ ಜೊತೆ ಇಲ್ಲೇ ಮಲಗ್ತೀನಿ." ಜನ ಮತ್ತೆ ನಕ್ಕು ಕ್ವಾಚಾ ನೋಟು ಎಸೆದರು.

ಮೇಲೆ ಬಂದವನು ಚಿಂದಿಯನ್ನು ಕಳಚಿ ಸಾಹೇಬನ ಕೈಗಿಟ್ಟ. "ತಗೊಳ್ಳಿ, ನಿಮ್ಮ ಸರ್ಕಾರದ ಅಂಗಿ. ಆನೆ ಹರಿದಿದ್ದೆಷ್ಟು, ಈ ಎನ್‌ಗೋನಿ ಹರಿದಿದ್ದೆಷ್ಟು, ಓದಿದೋರು ನೀವು, ನೀವೇ ಬೇರೆ ಮಾಡ್ಕೊಳ್ಳಿ."

ಸಿಂಬೇಯೆ ನಗಲಿಲ್ಲ. ಮಣ್ಣು ಮುಚ್ಚಿ ಮುಗಿಯುವವರೆಗೂ ಅದನ್ನು ಹಿಡಿದುಕೊಂಡೇ ನಿಂತಿದ್ದ. ಆಮೇಲೆ ಮುತಾಲೆಯ ಎದುರಿಗೆ ಬಂದ.

"ಸತ್ತಾಗ ಇದನ್ನೇ ಹಾಕಿದ್ರಾ ತಾಯಿ?"

"ಹೂಂ."

ಅವನು ಅಂಗಿಯನ್ನು ಮಡಚತೊಡಗಿದ. ಕೆಳಗಿನ ಅಂಚಿಗೆ ಬಂದಾಗ ಕೈ ನಿಂತಿತು. ಮಣ್ಣು ಮೆತ್ತಿದ ಬಟ್ಟೆಗೆ ಒಂದು ಕೆಂಪು ಕ್ಲಿಪ್ಪು ಇನ್ನೂ ಕಚ್ಚಿಕೊಂಡಿತ್ತು. ಮುತಾಲೆ ಅದನ್ನು ನೋಡಿದಳು. ಅವಳು ನೋಡಿದ್ದನ್ನು ಅವನೂ ನೋಡಿದ.

ಸಿಂಬೇಯೆ ಜನರ ಕಡೆಗೆ ಬೆನ್ನು ಮಾಡಿದ. ಕ್ಲಿಪ್ಪನ್ನು ಬಿಡಿಸಿ, ಕೈಕುಲುಕುವವನ ಹಾಗೆ ಅವಳ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮುಚ್ಚಿದ. ಅಂಗಿಯನ್ನು ಕಂಕುಳಲ್ಲಿಟ್ಟುಕೊಂಡು ಜೀಪಿನ ಕಡೆ ನಡೆದ.

ಮನೆಯ ಬಾಗಿಲಲ್ಲಿ ಬೇಸಾ ಸ್ಮಶಾನದಿಂದ ಬಂದವರ ಕೈಗೆ ನೀರು ಹಾಕುತ್ತಿದ್ದಳು. "ಕೈ ಚಾಚೇ," ಅಂದಳು. ಮುತಾಲೆ ಒಂದೇ ಕೈ ಚಾಚಿದಳು.